ಗ್ವಾನ್‌ಶಿಯಿಂದ ಡೆಲಿವರಿ ಹುಡುಗರವರೆಗೆ: ಚೀನಾದ ಕಂಪನಿಗಳ ಮೇಲಿನ ಸಂಶೋಧನೆ ಈಗ ಎತ್ತ ಸಾಗಿದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಕಾಂ. ಮುಗಿಸಿ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಚೀನಾದ ಕಂಪನಿಗಳ ಆಡಳಿತ ಕ್ರಮದ ಮೇಲೆ ಪಿಎಚ್.ಡಿ. ಮಾಡಬೇಕೆಂಬ ಆಸೆ ಇದೆ. ಆದರೆ ಓದಿದ ಕಡೆಯೆಲ್ಲ ಗ್ವಾನ್‌ಶಿ (ಪರಿಚಯ, ನಂಟಿನ ಬಲ), ಕನ್‌ಫ್ಯೂಷಿಯಸ್, ಹಿರಿಯರಿಗೆ ಗೌರವ ಎಂಬ ಮಾತೇ ಸಿಗುತ್ತಿದೆ. ಸಂಶೋಧನೆ ಈಗಲೂ ಅಲ್ಲೇ ಇದೆಯಾ? ಹೊಸದಾಗಿ ಏನು ನಡೆಯುತ್ತಿದೆ? ನನಗೆ ಚೀನೀ ಭಾಷೆ ಬರುವುದಿಲ್ಲ. ಆದರೂ ಈ ವಿಷಯ ಎತ್ತಿಕೊಳ್ಳಬಹುದಾ?

ಉತ್ತರ: ಎತ್ತಿಕೊಳ್ಳಬಹುದು. ಭಾಷೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ನಿಮ್ಮ ಮುಖ್ಯ ಪ್ರಶ್ನೆ ನೋಡೋಣ.

ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಈ ಕ್ಷೇತ್ರದ ಹಳೆಯ ಪದರ. ಒಂದು ಕಾಲದಲ್ಲಿ ಚೀನಾದ ಕಂಪನಿಯಲ್ಲಿ ಏನೇ ಬೇರೆ ಥರ ಕಂಡರೂ ‘ಅದು ಅವರ ಸಂಸ್ಕೃತಿ’ ಎಂದು ಬರೆದರೆ ಸಾಕಿತ್ತು. ಆಮೇಲೆ ಬಂದ ಒಳ್ಳೆಯ ಸಂಶೋಧಕರು ಆ ಉತ್ತರಕ್ಕೆ ತೃಪ್ತರಾಗಲಿಲ್ಲ. ಸಂಸ್ಕೃತಿ ಎಂದು ಕಾಣುತ್ತಿರುವುದರ ಹಿಂದೆ ಯಾರಿಗೆ ಯಾವ ಭಯ ಇದೆ, ಯಾರಿಗೆ ಕಾನೂನಿನ ಆಸರೆ ಇಲ್ಲ, ಲಗಾಮು ಯಾರ ಕೈಯಲ್ಲಿದೆ ಎಂದು ಕೇಳುತ್ತಾ ಹೋದರು. ಕಳೆದ ಮೂವತ್ತು ವರ್ಷದ ಸಂಶೋಧನೆಯಲ್ಲಿ ನನಗೆ ಬೆಲೆಯುಳ್ಳದ್ದು ಎಂದು ಕಾಣುವುದೆಲ್ಲ ಈ ದಾರಿಯಲ್ಲೇ ಬಂದಿದೆ.

ಗ್ವಾನ್‌ಶಿಯಿಂದಲೇ ಶುರು ಮಾಡೋಣ. ಅದನ್ನು ಬರೀ ‘ಸಂಪರ್ಕ’ ಎಂದರೆ ಅರ್ಧ ಅರ್ಥ ಸೋರಿ ಹೋಗುತ್ತದೆ. ‘ವಶೀಲಿ’ ಎಂದರೆ ಬೈದ ಹಾಗಾಗುತ್ತದೆ. ನಮ್ಮ ಮದುವೆ ಮನೆಯ ಮುಯ್ಯಿ ನೆನಪಿಸಿಕೊಳ್ಳಿ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಅವರ ಮನೆಯ ಕಾರ್ಯ ಬಂದಾಗ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಮಾಡುತ್ತೇವೆ. ಪೈಸೆಗೆ ಪೈಸೆ ಲೆಕ್ಕ ಚುಕ್ತಾ ಮಾಡಿಬಿಟ್ಟರೆ ಸಂಬಂಧವನ್ನೇ ಮುಗಿಸಿದ ಹಾಗೆ. ಈ ಹಂಗಿಗೆ ಚೀನೀ ಭಾಷೆಯಲ್ಲಿ ‘ರೆನ್‌ಚಿಂಗ್’ ಎನ್ನುತ್ತಾರೆ. ಗ್ವಾನ್‌ಶಿ ಓಡುವುದೇ ಈ ಹಂಗಿನ ಮೇಲೆ. ತೈವಾನಿನ ಮನಶ್ಶಾಸ್ತ್ರಜ್ಞ ಹುವಾಂಗ್ ಕ್ವಾಂಗ್‌ಕುವೊ 1987ರಲ್ಲಿ ಈ ಹಂಗು ಮತ್ತು ಮುಖಮರ್ಯಾದೆ ಎರಡನ್ನೂ ಸೇರಿಸಿ ವಿವರಿಸಿದರು. ಅದಕ್ಕೂ ಎಷ್ಟೋ ಮೊದಲು, 1940ರ ದಶಕದಲ್ಲಿ, ಸಮಾಜಶಾಸ್ತ್ರಜ್ಞ ಫೇ ಶಿಯಾವೊತೊಂಗ್ ಚೀನಾದ ಹಳ್ಳಿಯ ಸಂಬಂಧಗಳನ್ನು ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಗೆ ಹೋಲಿಸಿದ್ದರು. ನಡುವೆ ನಾನು, ಸುತ್ತ ಮನೆಯವರು, ಆಮೇಲೆ ನೆಂಟರು, ಆಮೇಲೆ ಊರವರು. ಅಲೆ ದೂರ ಹೋದಷ್ಟೂ ಹಂಗು ತೆಳುವಾಗುತ್ತದೆ.

ಇಲ್ಲಿಯವರೆಗೂ ಇದು ಸಂಸ್ಕೃತಿಯ ಮಾತೇ. ತಿರುವು ಬಂದಿದ್ದು 1996ರಲ್ಲಿ. ಕ್ಯಾಥರೀನ್ ಶಿನ್ ಮತ್ತು ಜೋನ್ ಪಿಯರ್ಸ್ ಎಂಬ ಇಬ್ಬರು ಸಂಶೋಧಕಿಯರು ತುಂಬಾ ಸರಳವಾದ ಒಂದು ಹೋಲಿಕೆ ಮಾಡಿದರು. ಗ್ವಾನ್‌ಶಿಗೆ ಸಂಸ್ಕೃತಿಯೊಂದೇ ಕಾರಣ ಆಗಿದ್ದರೆ ಸರ್ಕಾರಿ ಕಂಪನಿಯ ಅಧಿಕಾರಿಯೂ ಖಾಸಗಿ ಕಂಪನಿಯ ಅಧಿಕಾರಿಯೂ ಅದನ್ನು ಒಂದೇ ಅಳತೆಯಲ್ಲಿ ನೆಚ್ಚಿಕೊಂಡಿರಬೇಕು. ಇಬ್ಬರೂ ಚೀನೀಯರೇ, ಅಲ್ವಾ? ಆದರೆ ಅವರಿಗೆ ಕಂಡದ್ದು ಬೇರೆ. ಖಾಸಗಿ ಕಂಪನಿಯವರು ಪರಿಚಯವನ್ನು ಜಾಸ್ತಿ ನೆಚ್ಚಿಕೊಂಡಿದ್ದರು. ಸರ್ಕಾರಿ ಅಧಿಕಾರಿಗಳ ಜೊತೆ ಅವರ ನಂಟೂ ಜಾಸ್ತಿ. ವಾಪಸ್ ಏನೂ ಸಿಗದಿದ್ದರೂ ಉಡುಗೊರೆ ಕೊಡುವುದೂ ಜಾಸ್ತಿ. ಕಾರಣ ಇಷ್ಟೇ: ಆಗ ಖಾಸಗಿ ಆಸ್ತಿಗೆ, ಖಾಸಗಿ ವ್ಯಾಪಾರಕ್ಕೆ ಕಾನೂನಿನ ರಕ್ಷಣೆ ಗಟ್ಟಿಯಾಗಿರಲಿಲ್ಲ. ಕೋರ್ಟು ಕೊಡಬೇಕಾದ ಧೈರ್ಯವನ್ನು ಅವರು ಪರಿಚಯದಲ್ಲಿ ಹುಡುಕಿಕೊಂಡಿದ್ದರು. ಈ ಲೇಖನವನ್ನು ನೀವು ಓದಲೇಬೇಕು. ದೊಡ್ಡ ಅಂಕಿಅಂಶ ಏನೂ ಇಲ್ಲ, ಆದರೆ ಪ್ರಶ್ನೆ ಹೇಗೆ ಕೇಳಬೇಕು ಎಂಬುದನ್ನು ಕಲಿಸುತ್ತದೆ.

ಅಲ್ಲಿಂದ ಮುಂದೆ ಒಂದು ಚೆಂದದ ಜಗಳ ನಡೆಯಿತು. 1998ರಲ್ಲಿ ಡಗ್ ಗತ್ರಿ ಎಂಬ ಸಮಾಜಶಾಸ್ತ್ರಜ್ಞ ಶಾಂಘೈ ಕಾರ್ಖಾನೆಗಳ ಅಧ್ಯಯನದ ಮೇಲೆ ‘ಮಾರುಕಟ್ಟೆ, ಕಾನೂನು ಬೆಳೆದ ಹಾಗೆ ಗ್ವಾನ್‌ಶಿಯ ಮಹತ್ವ ಇಳಿಯುತ್ತಿದೆ’ ಎಂದರು. 2002ರಲ್ಲಿ ಮಾನವಶಾಸ್ತ್ರಜ್ಞೆ ಮೇಫೇರ್ ಯಾಂಗ್ ಉತ್ತರ ಕೊಟ್ಟರು. ಗ್ವಾನ್‌ಶಿ ಕಡಿಮೆ ಆಗಿಲ್ಲ, ಜಾಗ ಬದಲಿಸಿದೆ ಎಂಬುದು ಅವರ ವಾದ. ಹಿಂದೆ ರೇಷನ್ನಿಗೆ, ಕೆಲಸಕ್ಕೆ ಬೇಕಾಗಿದ್ದ ಪರಿಚಯ ಈಗ ಲೈಸೆನ್ಸಿಗೆ, ಗುತ್ತಿಗೆಗೆ ಬೇಕಾಗಿದೆ ಎಂಬರ್ಥದ ಮಾತು. ನನಗೆ ಯಾಂಗ್ ಅವರ ಮಾತೇ ಹೆಚ್ಚು ಸರಿ ಎನ್ನಿಸುತ್ತದೆ. ಅಂಗಡಿಯಲ್ಲಿ ಸಾಮಾನು ಸಲೀಸಾಗಿ ಸಿಗುವ ಕಾಲದಲ್ಲಿ ಅಂಗಡಿಯವನ ಪರಿಚಯ ಬೇಕಿಲ್ಲ. ಸಹಿ ಹಾಕುವವನ ಪರಿಚಯ ಬೇಕಾಗುತ್ತದೆ.

ಇದೇ ಎಳೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕೆಲಸವಿದೆ. ಅದು ಶುರುವಾಗುವುದು ಊಟದ ಬಿಲ್ಲಿನಿಂದ. ಚೀನಾದ ಕಂಪನಿಗಳ ಲೆಕ್ಕಪುಸ್ತಕದಲ್ಲಿ ‘ಅತಿಥಿ ಸತ್ಕಾರ ಮತ್ತು ಪ್ರಯಾಣ’ ಎಂಬ ಖರ್ಚಿನ ಬಾಬತ್ತು ಇರುತ್ತದೆ. ಹೊಂಗ್‌ಬಿನ್ ಚೈ, ಹಾನ್‌ಮಿಂಗ್ ಫಾಂಗ್, ಲಿಕ್ಸಿನ್ ಕಾಲಿನ್ ಷು ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ಹಿಡಿದುಕೊಂಡರು. ಲಂಚ ಕೊಟ್ಟಿದ್ದೀರಾ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಆದರೆ ಊಟ, ಉಡುಗೊರೆ, ಓಡಾಟದ ಖರ್ಚು ಪುಸ್ತಕದಲ್ಲೇ ಇರುತ್ತದೆ. ಅವರು ನೋಡಿದ ಕಂಪನಿಗಳಲ್ಲಿ ಈ ಖರ್ಚು ವರ್ಷದ ಒಟ್ಟು ಸಂಬಳದ ಸುಮಾರು ಶೇ. 20ರಷ್ಟಿತ್ತು! ಅದರಲ್ಲಿ ಒಂದಿಷ್ಟು ನಿಜವಾದ ವ್ಯಾಪಾರದ ಖರ್ಚು. ಒಂದಿಷ್ಟು ಫೈಲು ಮುಂದೆ ಹೋಗಲು ಕೊಟ್ಟದ್ದು. ಇನ್ನೊಂದಿಷ್ಟು ತೊಂದರೆ ಕೊಡಬೇಡಿ ಎಂದು ಕೊಟ್ಟದ್ದು. 2011ರಲ್ಲಿ ಇದು ಪ್ರಕಟವಾದ ಮೇಲೆ ಈ ಒಂದು ಸಾಲಿನ ಲೆಕ್ಕ ಹಿಡಿದು ಎಷ್ಟೋ ಜನ ಕೆಲಸ ಮಾಡಿದ್ದಾರೆ. 2012ರ ಕೊನೆಯಲ್ಲಿ ಷಿ ಜಿನ್‌ಪಿಂಗ್ ಸರ್ಕಾರಿ ಔತಣ, ದುಂದುಗಳಿಗೆ ಕಡಿವಾಣ ಹಾಕುವ ‘ಎಂಟು ಅಂಶಗಳ ನಿಯಮ’ ತಂದಾಗ ಸಂಶೋಧಕರಿಗೆ ಮೊದಲು ಹೀಗೆ, ಆಮೇಲೆ ಹೀಗೆ ಎಂದು ಹೋಲಿಸುವ ಅವಕಾಶ ಸಿಕ್ಕಿತು.

ನೀವು ಕಾಮರ್ಸ್ ಓದಿದವರು. ಲೆಡ್ಜರಿನ ಒಂದು ಸಾಲು ಇಷ್ಟು ಮಾತಾಡುತ್ತದೆ ಎಂದು ನಿಮ್ಮ ವಿದ್ಯಾರ್ಥಿಗಳಿಗೂ ಹೇಳಿ.

ರಾಜಕೀಯ ನಂಟಿನ ಸಂಶೋಧನೆ ಈಗ ದೊಡ್ಡ ಕವಲಾಗಿ ಬೆಳೆದಿದೆ. 2007ರಲ್ಲಿ ಜೋಸೆಫ್ ಫಾನ್, ಟಿ.ಜೆ. ವಾಂಗ್ ಮತ್ತು ತಿಯಾನ್ಯು ಜಾಂಗ್ ಹೊಸದಾಗಿ ಷೇರು ಮಾರುಕಟ್ಟೆಗೆ ಬಂದ ಸುಮಾರು 790 ಕಂಪನಿಗಳನ್ನು ನೋಡಿದರು. ಅವುಗಳಲ್ಲಿ ಶೇ. 27ರಷ್ಟು ಕಡೆ ಮುಖ್ಯಸ್ಥರು ಹಾಲಿ ಅಥವಾ ಮಾಜಿ ಸರ್ಕಾರಿ ಅಧಿಕಾರಿಗಳು. ಆ ಕಂಪನಿಗಳ ಮೂರು ವರ್ಷದ ಷೇರು ಗಳಿಕೆ ಉಳಿದವಕ್ಕಿಂತ ಸುಮಾರು ಶೇ. 18ರಷ್ಟು ಹಿಂದೆ ಇತ್ತು. ಪರಿಚಯ ಇದ್ದರೆ ಲಾಭ ಎಂಬ ಸುಲಭದ ನಂಬಿಕೆಗೆ ಇದು ಒಳ್ಳೆಯ ಪೆಟ್ಟು. 2013ರ ಅಕ್ಟೋಬರ್‌ನಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಸಂಘಟನಾ ವಿಭಾಗ ಅಧಿಕಾರಿಗಳು ಕಂಪನಿಗಳಲ್ಲಿ ಹುದ್ದೆ ಹಿಡಿಯುವುದನ್ನು ತಡೆಯಿತು. ಅಂಥ ಹುದ್ದೆಯಲ್ಲಿದ್ದ ಸ್ವತಂತ್ರ ನಿರ್ದೇಶಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಅದೂ ಒಂದು ಪ್ರಯೋಗಶಾಲೆಯೇ ಆಯಿತು. ಈಗಿನ ಹೊಸ ಪ್ರಶ್ನೆ ಕಂಪನಿಯೊಳಗಿನ ಪಕ್ಷದ ಘಟಕದ್ದು. ನಿರ್ದೇಶಕ ಮಂಡಳಿ ಒಂದು ಕಡೆ, ಪಕ್ಷದ ಸಮಿತಿ ಇನ್ನೊಂದು ಕಡೆ ಇರುವಾಗ ನಿರ್ಧಾರ ನಿಜವಾಗಿ ಎಲ್ಲಿ ಆಗುತ್ತದೆ? ಇದು ಮುಖ್ಯವಾದ ಪ್ರಶ್ನೆ. ಆದರೆ ಹೊರಗಿನಿಂದ ಹೋಗಿ ಒಳಗೆ ಕೂತು ನೋಡುವುದು ಕಷ್ಟ. ಮೊದಲ ಪಿಎಚ್.ಡಿ.ಗೆ ಇದನ್ನು ಎತ್ತಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಈ ಕ್ಷೇತ್ರಕ್ಕೆ ಒಂದು ಮನೆ ಅಂತ ಆಗಿದ್ದು 2002ರಲ್ಲಿ. ಆ್ಯನ್ ತ್ಸೂಯಿ ಎಂಬ ಪ್ರಾಧ್ಯಾಪಕಿ ಚೀನೀ ನಿರ್ವಹಣಾ ಸಂಶೋಧನೆಗೆಂದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. 2005ರಲ್ಲಿ ಆ ಸಂಘದ ‘ಮ್ಯಾನೇಜ್‌ಮೆಂಟ್ ಅಂಡ್ ಆರ್ಗನೈಸೇಷನ್ ರಿವ್ಯೂ’ ಪತ್ರಿಕೆ ಶುರುವಾಯಿತು. ಆಗ ಸಾಮಾನ್ಯವಾಗಿ ನಡೆಯುತ್ತಿದ್ದ ಕೆಲಸದ ಕ್ರಮ ನಿಮಗೂ ಪರಿಚಯ ಇರಬಹುದು. ಅಮೆರಿಕದಲ್ಲಿ ತಯಾರಾದ ಪ್ರಶ್ನಾವಳಿಯನ್ನು ಅನುವಾದ ಮಾಡುವುದು, ಮುನ್ನೂರು ಉದ್ಯೋಗಿಗಳಿಗೆ ಹಂಚುವುದು, ‘ಇಲ್ಲಿಯೂ ಹಾಗೇ ಇದೆ’ ಎಂದು ಬರೆಯುವುದು. ನಾನು ಪರೀಕ್ಷಕಳಾಗಿ ನೋಡಿದ ನಮ್ಮ ಪ್ರಬಂಧಗಳಲ್ಲೂ ಅರ್ಧಕ್ಕರ್ಧ ಹೀಗೇ ಇರುತ್ತವೆ, ಅದು ನನಗೆ ತುಂಬಾ ಬೇಸರದ ಸಂಗತಿ. ತ್ಸೂಯಿ ಇದನ್ನು ಮೊದಲಿನಿಂದಲೂ ಪ್ರಶ್ನಿಸುತ್ತಾ ಬಂದರು. ಅಲ್ಲಿಯ ನೆಲದಲ್ಲಿ ಹುಟ್ಟಿದ ಪ್ರಶ್ನೆ ಕೇಳಿ ಎಂಬುದು ಅವರ ಒತ್ತಾಯ. 2009ರಲ್ಲಿ ಜೇ ಬಾರ್ನಿ ಮತ್ತು ಶುಜುನ್ ಜಾಂಗ್ ಈ ಚರ್ಚೆಯನ್ನು ಎರಡು ದಾರಿಯಾಗಿ ಬಿಡಿಸಿ ಇಟ್ಟರು. ಇರುವ ಸಿದ್ಧಾಂತವನ್ನು ಚೀನಾಕ್ಕೆ ಹಚ್ಚಿ ನೋಡಿ ತಿದ್ದುವುದು ಒಂದು ದಾರಿ. ಚೀನಾದ್ದೇ ಒಂದು ಸಿದ್ಧಾಂತ ಕಟ್ಟುವುದು ಇನ್ನೊಂದು ದಾರಿ. ಮೇಲ್ನೋಟಕ್ಕೆ ಪದಗಳ ಆಟ ಎನ್ನಿಸಬಹುದು. ಆದರೆ ಮೊದಲನೆಯದರಲ್ಲಿ ಪ್ರಶ್ನೆ ಬೇರೆಯವರದು, ಎರಡನೆಯದರಲ್ಲಿ ಪ್ರಶ್ನೆಯೂ ನಿಮ್ಮದು.

ಎರಡನೆಯ ದಾರಿಯಲ್ಲಿ ಗಟ್ಟಿಯಾಗಿ ನಿಂತದ್ದು ಯಜಮಾನಿಕೆಯ ನಾಯಕತ್ವದ ಮೇಲಿನ ಕೆಲಸ. ತೈವಾನ್ ಮತ್ತು ಹಾಂಗ್‌ಕಾಂಗ್‌ನ ಕುಟುಂಬದ ಕಂಪನಿಗಳನ್ನು ನೋಡಿ ಬೆಳೆದ ವಿಚಾರ ಅದು. 2000ದಲ್ಲಿ ಜಿಂಗ್‌ಲಿಹ್ ಫಾರ್ ಮತ್ತು ಬೋರ್‌ಶಿಯುವಾನ್ ಚೆಂಗ್ ಅದನ್ನು ಮೂರು ಎಳೆಯಾಗಿ ಬಿಡಿಸಿದರು: ಗತ್ತು, ಕಾಳಜಿ, ನಡತೆ. ನಮ್ಮ ಅಕ್ಕಿ ಗಿರಣಿಯ, ಬಟ್ಟೆ ಅಂಗಡಿಯ ಧಣಿಗಳನ್ನು ಕಂಡವರಿಗೆ ಇದು ತಕ್ಷಣ ಹೊಳೆಯುತ್ತದೆ. ಬೈದು ಕೆಲಸ ಮಾಡಿಸುವವರೂ ಅವರೇ, ಮಗಳ ಮದುವೆಗೆ ಸಾಲ ಕೊಡುವವರೂ ಅವರೇ. ಆಮೇಲಿನ ಅಧ್ಯಯನಗಳಲ್ಲಿ ಒಟ್ಟಾರೆ ಕಂಡಿದ್ದು: ಕಾಳಜಿ, ನಡತೆ ಎರಡರಿಂದ ಕೆಲಸಗಾರರ ಮನಸ್ಸು ಕಂಪನಿಯ ಜೊತೆ ನಿಲ್ಲುತ್ತದೆ, ಗತ್ತಿನಿಂದ ಹೆಚ್ಚಾಗಿ ಹಾನಿಯೇ. ಹಾಗಾದರೆ ‘ಚೀನೀಯರು ಅಧಿಕಾರಕ್ಕೆ ತಲೆಬಾಗುವವರು, ಗತ್ತು ಅವರಿಗೆ ಒಗ್ಗುತ್ತದೆ’ ಎಂಬ ಮಾತು ಎಲ್ಲಿ ಹೋಯಿತು?

ಕೆಲವೊಮ್ಮೆ ಸಂಸ್ಕೃತಿ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಹೇಳಬೇಕು. ಸಂಬಂಧವೇ ಇಲ್ಲದ ಎರಡು ಗುಂಪಿನ ನಡುವೆ ಕೊಂಡಿಯಾಗಿ ನಿಂತವನಿಗೆ ಲಾಭ ಎಂಬುದು ಅಮೆರಿಕದ ಸಂಶೋಧನೆಯಲ್ಲಿ ಪಕ್ಕಾ ಆಗಿದ್ದ ವಿಚಾರ. 2007ರಲ್ಲಿ ಜಿಶಿಂಗ್ ಷಿಯಾವ್ ಮತ್ತು ತ್ಸೂಯಿ ಚೀನಾದ ನಾಲ್ಕು ತಂತ್ರಜ್ಞಾನ ಕಂಪನಿಗಳಲ್ಲಿ ನೋಡಿದಾಗ ಹಾಗೆ ನಡುವೆ ನಿಂತ ಉದ್ಯೋಗಿಗೆ ನಷ್ಟವೇ ಆಗುತ್ತಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟವನನ್ನು ಯಾರೂ ತಮ್ಮವನು ಎಂದುಕೊಳ್ಳಲಿಲ್ಲ. ಆದರೆ ಗಮನಿಸಿ, ಈ ನಷ್ಟ ಎಲ್ಲ ಕಂಪನಿಯಲ್ಲೂ ಒಂದೇ ಥರ ಇರಲಿಲ್ಲ. ‘ನಾವೆಲ್ಲ ಒಂದೇ ಮನೆ’ ಎಂಬ ಭಾವ ಗಟ್ಟಿಯಾಗಿದ್ದ ಕಂಪನಿಯಲ್ಲಿ ಜಾಸ್ತಿ ಇತ್ತು. ಅಂದರೆ ದೇಶ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಕಥೆ ಬೇರೆ.

ಇನ್ನು ಹೆಸರುವಾಸಿ ಕಂಪನಿಗಳು. ಹೈಯರ್ ಬಗ್ಗೆ ಬರೆದಿರುವಷ್ಟು ಚೀನಾದ ಇನ್ನಾವ ಕಂಪನಿಯ ಬಗ್ಗೆಯೂ ಬರೆದಿಲ್ಲವೇನೋ. ಜಾಂಗ್ ರುಯಿಮಿನ್ 1984ರಲ್ಲಿ ಚಿಂಗ್‌ದಾವ್ ಊರಿನ ಮುಳುಗುತ್ತಿದ್ದ ಫ್ರಿಜ್ ಕಾರ್ಖಾನೆಗೆ ಬಂದರು. ಮರುವರ್ಷ ಗ್ರಾಹಕರೊಬ್ಬರ ದೂರು ಬಂದ ಮೇಲೆ ಗೋದಾಮಿನಲ್ಲಿದ್ದ ಫ್ರಿಜ್‌ಗಳನ್ನು ಪರೀಕ್ಷೆ ಮಾಡಿಸಿದರು. 76ರಲ್ಲಿ ದೋಷ ಸಿಕ್ಕಿತು. ಆಗ ಒಂದು ಫ್ರಿಜ್ಜಿನ ಬೆಲೆ ಒಬ್ಬ ಕೆಲಸಗಾರನ ಹೆಚ್ಚುಕಡಿಮೆ ಎರಡು ವರ್ಷದ ಸಂಬಳ. ಕಡಿಮೆ ಬೆಲೆಗೆ ನಮಗೇ ಕೊಟ್ಟುಬಿಡಿ ಎಂದು ಕೆಲಸಗಾರರು ಕೇಳಿದರು. ಜಾಂಗ್ ಒಪ್ಪಲಿಲ್ಲ. ಅವನ್ನು ತಯಾರಿಸಿದವರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. ಆ ಸುತ್ತಿಗೆ ಈಗ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 2005ರಿಂದ ಅವರು ‘ರೆನ್‌ದಾನ್‌ಹೆಯಿ’ ಎಂಬ ಪದ್ಧತಿ ತಂದರು. ಪ್ರತಿ ಕೆಲಸಗಾರನೂ ನೇರವಾಗಿ ಒಬ್ಬ ಗ್ರಾಹಕನಿಗೆ ಜವಾಬ್ದಾರ ಎಂಬುದು ಅದರ ತಿರುಳು. ಕಂಪನಿಯನ್ನು ಸಾವಿರಾರು ಸಣ್ಣ ತಂಡಗಳಾಗಿ ಒಡೆದರು. ನಡುವಿನ ಹಂತದ ಹತ್ತು ಸಾವಿರಕ್ಕೂ ಹೆಚ್ಚು ಮ್ಯಾನೇಜರ್ ಹುದ್ದೆಗಳನ್ನು ತೆಗೆದರು. 2016ರಲ್ಲಿ ಅಮೆರಿಕದ ಜಿಇ ಅಪ್ಲೈಯನ್ಸಸ್‌ ಕೊಂಡಾಗ ಅಲ್ಲಿಗೂ ಇದನ್ನು ಒಯ್ದರು. ಇದರ ಮೇಲಿನ ಬರಹಗಳಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಮುಖ್ಯಸ್ಥರ ಮಾತು ಬೇಕಾದಷ್ಟಿದೆ. ಹುದ್ದೆ ಕಳೆದುಕೊಂಡ ಆ ಮ್ಯಾನೇಜರ್‌ಗಳ ಮಾತು ಹುಡುಕಿದರೂ ಸಿಗುವುದು ಕಷ್ಟ.

ಟೆಲಿಕಾಂ ಕಂಪನಿ ಹುವಾವೆಯ ಕಥೆ ಇನ್ನೊಂದು ಕಾರಣಕ್ಕೆ ಮುಖ್ಯ. 1998ರಲ್ಲಿ ಆ ಕಂಪನಿ ಬೀಜಿಂಗ್‌ನ ರೆನ್‌ಮಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಕೈಯಲ್ಲಿ ತನ್ನದೇ ಒಂದು ‘ಮೂಲ ಕಾನೂನು’ ಬರೆಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಐಬಿಎಂನ ಸಲಹೆಗಾರರನ್ನು ಕರೆಸಿ ತನ್ನ ಇಡೀ ಕೆಲಸದ ಕ್ರಮವನ್ನು ಬದಲಿಸಿಕೊಂಡಿತು. ಅಮೆರಿಕದ ಶೂ ಹಾಕಿಕೊಳ್ಳುತ್ತಿದ್ದೇವೆ, ಕಚ್ಚಿದರೆ ಕಾಲನ್ನೇ ಕತ್ತರಿಸಿಕೊಳ್ಳೋಣ ಎಂಬರ್ಥದ ಮಾತು ಅದರ ಸ್ಥಾಪಕ ರೆನ್ ಜೆಂಗ್‌ಫೇ ಅವರದು. ಮೊದಲು ಹೇಳಿದ ಹಾಗೇ ಮಾಡಿ, ಆಮೇಲೆ ಸುಧಾರಿಸಿ, ಕೊನೆಗೆ ಅದನ್ನು ಗಟ್ಟಿ ಮಾಡಿ ಎಂದರು. ಹಾಗಾಗಿ ‘ಚೀನೀ ಶೈಲಿಯ ಆಡಳಿತ’ ಎಂದು ನಾವು ತೋರಿಸುವ ಕಂಪನಿಯ ಹೊಟ್ಟೆಯೊಳಗೆ ನ್ಯೂಯಾರ್ಕ್‌ ಕಂಪನಿಯೊಂದರ ಪದ್ಧತಿ ಇದೆ. 1999ರಿಂದ ಬೆಂಗಳೂರಿನಲ್ಲೂ ಹುವಾವೆಯ ಸಂಶೋಧನಾ ಕೇಂದ್ರ ಇದೆ. ಹುವಾವೆಯ ತವರೂರು ಶೆಂಜೆನ್‌ನ ಶಿಸ್ತು, ಐಬಿಎಂ ಪದ್ಧತಿ, ಬೆಂಗಳೂರಿನ ಎಂಜಿನಿಯರ್ ಮೂರೂ ಒಂದೇ ಕಟ್ಟಡದಲ್ಲಿ ಹೇಗೆ ಹೊಂದಿಕೊಂಡವು ಎಂದು ಅಲ್ಲಿ ಕೆಲಸ ಮಾಡಿ ಬಂದವರನ್ನು ಮಾತಾಡಿಸಿದರೆ ಒಂದು ಒಳ್ಳೆಯ ಅಧ್ಯಾಯ ಆಗುತ್ತದೆ.

ಈಗ ನಿಮ್ಮ ‘ಹೊಸದೇನು’ ಎಂಬ ಪ್ರಶ್ನೆಗೆ ಬರುತ್ತೇನೆ. ಎರಡು ಕೆಲಸಗಳನ್ನು ಹತ್ತಿರದಿಂದ ತೋರಿಸುತ್ತೇನೆ.

ಮೊದಲನೆಯದು ಪ್ರಯೋಗ. ಶಾಂಘೈನ ಸಿಟ್ರಿಪ್ ದೊಡ್ಡ ಪ್ರವಾಸ ಕಂಪನಿ. 2010ರ ಡಿಸೆಂಬರ್‌ನಲ್ಲಿ ಅದರ ಕಾಲ್ ಸೆಂಟರಿನಲ್ಲಿ ಮನೆಯಿಂದ ಕೆಲಸ ಮಾಡುವ ಪ್ರಯೋಗ ಶುರುವಾಯಿತು. ಇಷ್ಟವಿದ್ದು, ಅರ್ಹತೆಯೂ ಇದ್ದವರು 249 ಜನ. ಮನೆಯಲ್ಲಿ ಬ್ರಾಡ್‌ಬ್ಯಾಂಡ್, ಪ್ರತ್ಯೇಕ ಕೋಣೆ ಇರಬೇಕು. ಹುಟ್ಟಿದ ತಾರೀಕು ಸರಿಸಂಖ್ಯೆ ಆದವರು ವಾರಕ್ಕೆ ನಾಲ್ಕು ದಿನ ಮನೆಯಲ್ಲಿ, ಬೆಸಸಂಖ್ಯೆ ಆದವರು ಆಫೀಸಿನಲ್ಲಿ ಎಂದು ಲಾಟರಿ ಎತ್ತಿದರು. ಒಂಬತ್ತು ತಿಂಗಳ ನಂತರ ನೋಡಿದರೆ ಮನೆಯಲ್ಲಿದ್ದವರ ಕೆಲಸ ಶೇ. 13 ಹೆಚ್ಚಾಗಿತ್ತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕೆ ಇಳಿದಿದ್ದರು. ಆದರೆ ಮನೆಯಲ್ಲಿ ಕೂತವರಿಗೆ, ಅವರ ಕೆಲಸಕ್ಕೆ ಹೋಲಿಸಿದರೆ, ಬಡ್ತಿ ಕಡಿಮೆ ಸಿಕ್ಕಿತ್ತು. ಕಣ್ಣಿಗೆ ಬೀಳದವರನ್ನು ಮರೆತಂತೆ. ಪ್ರಯೋಗ ಮುಗಿದ ಮೇಲೆ ನಿಮ್ಮಿಷ್ಟ ಎಂದಾಗ ಅರ್ಧಕ್ಕಿಂತ ಹೆಚ್ಚು ಜನ ಜಾಗ ಬದಲಿಸಿಕೊಂಡರು. ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೋವಿಡ್ ಬಂದಾಗ ಬೆಂಗಳೂರಿನ ಎಚ್‌ಆರ್‌ಗಳೂ ಸೇರಿ ಜಗತ್ತೆಲ್ಲ ಇದನ್ನೇ ತಿರುವಿ ಹಾಕಿತು. 2024ರಲ್ಲಿ ಅದೇ ಕಂಪನಿಯ 1,612 ಉದ್ಯೋಗಿಗಳ ಮೇಲೆ ಇನ್ನೊಂದು ಪ್ರಯೋಗದ ಫಲ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದರೆ ಬಿಟ್ಟು ಹೋಗುವವರು ಮೂರನೇ ಒಂದು ಭಾಗ ಕಡಿಮೆ, ಬಡ್ತಿಗೆ ತೊಂದರೆ ಇಲ್ಲ. ಇದರಲ್ಲಿ ‘ಚೀನೀ ಸಂಸ್ಕೃತಿ’ ಎಲ್ಲಿದೆ? ಎಲ್ಲೂ ಇಲ್ಲ. ಚೀನಾದ ಒಂದು ಕಂಪನಿ ಇಡೀ ಜಗತ್ತಿನ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಕಂಪನಿಯ ಸಹಸ್ಥಾಪಕ ಜೇಮ್ಸ್ ಲಿಯಾಂಗ್ ಅವರೇ ಸಂಶೋಧಕರಲ್ಲಿ ಒಬ್ಬರು ಎಂಬುದನ್ನು ಮಾತ್ರ ಓದುವಾಗ ನೆನಪಿಟ್ಟುಕೊಳ್ಳಿ.

ಎರಡನೆಯದು ಬೀದಿಯದು. ಚೆನ್ ಲಾಂಗ್ ಎಂಬ ಪಿಎಚ್.ಡಿ. ವಿದ್ಯಾರ್ಥಿ 2018ರಲ್ಲಿ ಬೀಜಿಂಗ್‌ನಲ್ಲಿ ಐದೂವರೆ ತಿಂಗಳು ಊಟ ತಲುಪಿಸುವ ಕೆಲಸಕ್ಕೇ ಸೇರಿದರು. ಪ್ರಶ್ನಾವಳಿ ಹಂಚಲಿಲ್ಲ, ಸ್ಕೂಟರ್ ಓಡಿಸಿದರು. ಮ್ಯಾನೇಜರ್ ಎಂಬ ಮನುಷ್ಯ ಕಾಣದಂತಾಗಿದ್ದಾನೆ, ಅವನ ಕೆಲಸವನ್ನು ಆ್ಯಪ್ ಮತ್ತು ಗ್ರಾಹಕ ಹಂಚಿಕೊಂಡಿದ್ದಾರೆ ಎಂಬುದು ಅವರು ಕಂಡುಕೊಂಡದ್ದು. ದಾರಿ ತೋರಿಸುವುದು, ಹೊತ್ತು ಅಳೆಯುವುದು ಆ್ಯಪ್. ಉಸ್ತುವಾರಿ ಮಾಡುವವನು ರೇಟಿಂಗ್ ಕೊಡುವ ಗ್ರಾಹಕ. ಕೆಲಸಗಾರನಿಗೆ ಸಿಟ್ಟು ಬಂದರೆ ಅದು ಕಂಪನಿಯ ಮೇಲೆ ಹೋಗುವುದಿಲ್ಲ, ಗ್ರಾಹಕನ ಮೇಲೆ ಹೋಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ‘ರೆನ್‌ವು’ ಪತ್ರಿಕೆಯ ಒಂದು ದೀರ್ಘ ವರದಿ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. ಮೂರು ಕಿಲೋಮೀಟರ್ ದೂರಕ್ಕೆ 2016ರಲ್ಲಿ ಒಂದು ಗಂಟೆ ಇದ್ದ ಗಡುವು 2017ರಲ್ಲಿ 45 ನಿಮಿಷ, 2018ರಲ್ಲಿ 38 ನಿಮಿಷ ಆಗಿತ್ತು. ಹುಡುಗರು ವೇಗವಾಗಿ ಹೋದಷ್ಟೂ ‘ಇಷ್ಟು ಹೊತ್ತು ಸಾಕು’ ಎಂದು ಆ್ಯಪ್ ಕಲಿಯುತ್ತಿತ್ತು. ತಾವೇ ಓಡಿ ತಮ್ಮ ಕುತ್ತಿಗೆಗೇ ಹಗ್ಗ ಬಿಗಿದುಕೊಂಡ ಹಾಗೆ. ವರದಿ ಬಂದ ಮೇಲೆ ಊಟ ತಲುಪಿಸುವ ಮೈತ್ವಾನ್ ಕಂಪನಿ ಎಂಟು ನಿಮಿಷ ಸಡಿಲ ಬಿಡುವುದಾಗಿ ಹೇಳಿತು.

ಇದರ ಪಕ್ಕದಲ್ಲೇ 996 ಇದೆ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ. 2019ರ ಮಾರ್ಚ್‌ನಲ್ಲಿ ಅಲ್ಲಿಯ ಸಾಫ್ಟ್‌ವೇರ್ ಎಂಜಿನಿಯರ್‌ಗಳು ತಾವು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲೇ ಇದರ ವಿರುದ್ಧ ದನಿ ಎತ್ತಿದರು. ಮುಂದಿನ ತಿಂಗಳು ಅಲಿಬಾಬಾ ಸ್ಥಾಪಕ ಜಾಕ್ ಮಾ ‘996 ಸಿಗುವುದೇ ಪುಣ್ಯ’ ಎಂಬರ್ಥದಲ್ಲಿ ಮಾತಾಡಿ ಬೈಗುಳ ತಿಂದರು. 2021ರ ಆಗಸ್ಟ್‌ನಲ್ಲಿ ಚೀನಾದ ಸುಪ್ರೀಂ ಕೋರ್ಟ್ ಇದು ಕಾನೂನಿಗೆ ವಿರುದ್ಧ ಎಂದು ಸ್ಪಷ್ಟ ಮಾಡಿತು. ಈಗ ಅತಿ ಕೆಲಸ, ದಣಿವು, ಒಳಜಗ್ಗಾಟ (ಯಾರಿಗೂ ಲಾಭವಿಲ್ಲದ ಒಳಗೊಳಗಿನ ಪೈಪೋಟಿ), ಕೆಲಸದಿಂದಲೇ ಮನಸ್ಸು ತೆಗೆದ ಯುವಜನ ಇವುಗಳ ಮೇಲೆ ರಾಶಿ ಸಂಶೋಧನೆ ಬರುತ್ತಿದೆ. ಹಿಂದಿನವರು ‘ಚೀನೀಯರು ಶ್ರಮಜೀವಿಗಳು’ ಎಂದು ಬರೆದು ಮುಂದೆ ಹೋಗುತ್ತಿದ್ದ ಜಾಗ ಇದು.

ಯಾವ ವಿಷಯಕ್ಕೆ ಗಾಳಿ ಬೀಸುತ್ತದೆ ಎಂಬುದಕ್ಕೆ ಹಣವೂ ಕಾರಣ. ಚೀನಾದ ವಿಶ್ವವಿದ್ಯಾಲಯಗಳು ವಿದೇಶಿ ಪತ್ರಿಕೆಯಲ್ಲಿ ಲೇಖನ ಬಂದರೆ ನಗದು ಬಹುಮಾನ ಕೊಡುತ್ತಿದ್ದವು. 2016ರ ಹೊತ್ತಿಗೆ ‘ನೇಚರ್’ ಅಥವಾ ‘ಸೈನ್ಸ್’ನಲ್ಲಿ ಒಂದು ಲೇಖನಕ್ಕೆ ಸರಾಸರಿ 43 ಸಾವಿರ ಡಾಲರ್‌ಗೂ ಹೆಚ್ಚು ಸಿಗುತ್ತಿತ್ತು. ನಿರ್ವಹಣಾ ಶಾಸ್ತ್ರದಲ್ಲೂ ಅದೇ ಓಟ. ಅಮೆರಿಕದ ಪತ್ರಿಕೆ ಮೆಚ್ಚುವ ಪ್ರಶ್ನೆಯನ್ನೇ ಕೇಳುವುದು ಲಾಭದ ದಾರಿಯಾಯಿತು. 2020ರ ಫೆಬ್ರುವರಿಯಲ್ಲಿ ಸರ್ಕಾರವೇ ಈ ಬಹುಮಾನಕ್ಕೆ ತಡೆ ಹಾಕಿತು. ‘ಪ್ರಬಂಧವನ್ನು ತಾಯ್ನಾಡಿನ ನೆಲದ ಮೇಲೆ ಬರೆಯಿರಿ’ ಎಂದು ಷಿ 2016ರಲ್ಲೇ ಕರೆ ಕೊಟ್ಟಿದ್ದರು. ಸ್ವಂತ ಪ್ರಶ್ನೆ ಕೇಳಬೇಕು ಎಂಬ ತ್ಸೂಯಿ ಅವರ ಮಾತಿಗೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆ ಇದೆ. ಆದರೆ ಸಂಶೋಧಕಿ ತಾನೇ ಪ್ರಶ್ನೆ ಆರಿಸಿಕೊಳ್ಳುವುದು ಬೇರೆ, ಸರ್ಕಾರ ಇಷ್ಟಪಡುವ ಪ್ರಶ್ನೆಯನ್ನು ಆರಿಸಿಕೊಳ್ಳುವುದು ಬೇರೆ. ಡಿಜಿಟಲ್ ಬದಲಾವಣೆ, ಹಸಿರು ತಂತ್ರಜ್ಞಾನ ಎಂಬ ಸರ್ಕಾರಿ ಘೋಷಣೆಯ ಹಿಂದೆಯೇ ಲೇಖನಗಳ ಸಾಲು ಬರುವುದನ್ನು ನೀವೇ ನೋಡುತ್ತೀರಿ. ಎಷ್ಟೋ ಲೇಖನಗಳಲ್ಲಿ ಕಂಪನಿಯ ವಾರ್ಷಿಕ ವರದಿಯಲ್ಲಿ ‘ಕೃತಕ ಬುದ್ಧಿಮತ್ತೆ’, ‘ಬಿಗ್ ಡೇಟಾ’ ಎಂಬ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಅಷ್ಟು ಡಿಜಿಟಲ್ ಆಗಿದೆ ಎಂದು ಲೆಕ್ಕ ಹಾಕುತ್ತಾರೆ. ಸುಮ್ನೆ ಪದ ಬರೆದ ಕಂಪನಿ, ನಿಜವಾಗಿ ಕೆಲಸ ಮಾಡಿದ ಕಂಪನಿ ಎರಡೂ ಇದರಲ್ಲಿ ಒಂದೇ. ಈ ದಾರಿಗೆ ನೀವು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಾಹಿತಿ ಸಿಗುವುದೂ ಮೊದಲಿನಷ್ಟು ಸುಲಭ ಇಲ್ಲ. 2021ರಲ್ಲಿ ಡೇಟಾ ಭದ್ರತೆಯ ಕಾನೂನು, ವೈಯಕ್ತಿಕ ಮಾಹಿತಿಯ ಕಾನೂನು ಎರಡೂ ಜಾರಿಗೆ ಬಂದವು. ಚೀನೀ ಭಾಷೆಯ ಪ್ರಬಂಧಗಳ ದೊಡ್ಡ ಭಂಡಾರ ಸಿಎನ್‌ಕೆಐ. 2023ರ ಏಪ್ರಿಲ್‌ನಿಂದ ಅದರ ಕೆಲವು ಭಾಗಗಳು ಹೊರದೇಶದವರಿಗೆ ಮುಚ್ಚಿದವು. ಆದರೆ ಷೇರು ಮಾರುಕಟ್ಟೆಯ ಕೆಲವು ಕಂಪನಿಗಳ ವರದಿಗಳು, ಇಂಥ ವರದಿಗಳ ಮೇಲೆ ಕಟ್ಟಿದ ಸಿಎಸ್‌ಎಂಎಆರ್ ಡೇಟಾಬೇಸ್‌, ವಿಶ್ವಬ್ಯಾಂಕಿನ ಕಂಪನಿ ಸಮೀಕ್ಷೆಗಳು ಇಂಗ್ಲಿಷ್‌ನಲ್ಲೂ ಸಿಗುತ್ತವೆ.

ಭಾಷೆಯ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ಬರೀ ಅಂಕಿಅಂಶ ಹಿಡಿದು ಮಾಡುವುದಾದರೆ ಚೀನೀ ಭಾಷೆ ಇಲ್ಲದೆ ನಡೆಯುತ್ತದೆ. ಆದರೆ ನಾನು ಮೇಲೆ ಮೆಚ್ಚಿಕೊಂಡ ಕೆಲಸಗಳಲ್ಲಿ ಹೆಚ್ಚಿನವು ಜನರ ಜೊತೆ ಮಾತಾಡಿ ಆದವು. ಹಾಗಾಗಿ ಈಗಲೇ ಕಲಿಯಲು ಶುರು ಮಾಡಿ. ಪ್ರಬಂಧ ಮುಗಿಯುವ ಹೊತ್ತಿಗೆ ಒಂದು ಪತ್ರಿಕಾ ವರದಿಯನ್ನು ನಿಘಂಟು ಇಟ್ಟುಕೊಂಡು ಓದುವಷ್ಟು ಬಂದರೂ ದೊಡ್ಡ ಲಾಭ.

ಇನ್ನೊಂದು ದಾರಿಯೂ ಇದೆ, ನಿಮ್ಮ ಕನ್ನಡವೇ ಅಲ್ಲಿ ಬಂಡವಾಳ. ಪುನ್ ನ್ಗಾಯ್ ಮತ್ತು ಕ್ರಿಸ್ ಸ್ಮಿತ್ 2007ರಲ್ಲಿ ಚೀನಾದ ಕಾರ್ಖಾನೆಗಳ ಬಗ್ಗೆ ಒಂದು ಮುಖ್ಯ ವಿಚಾರ ಮುಂದಿಟ್ಟರು. ಕೆಲಸಗಾರರನ್ನು ಕಾರ್ಖಾನೆಯ ಹಾಸ್ಟೆಲ್ಲಿನಲ್ಲೇ ಇಟ್ಟರೆ ಕಂಪನಿಯ ಹಿಡಿತ ಶಿಫ್ಟ್ ಮುಗಿದ ಮೇಲೂ ಮುಂದುವರಿಯುತ್ತದೆ ಎಂಬುದು ಅದರ ಸಾರ. 2010ರಲ್ಲಿ ಶೆಂಜೆನ್‌ನ ಫಾಕ್ಸ್‌ಕಾನ್‌ನಲ್ಲಿ ಯುವ ಕೆಲಸಗಾರರ ಆತ್ಮಹತ್ಯೆಗಳು ನಡೆದಾಗ ಚೀನಾ, ತೈವಾನ್, ಹಾಂಗ್‌ಕಾಂಗ್‌ನ 20 ವಿಶ್ವವಿದ್ಯಾಲಯಗಳ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿ ತನಿಖೆ ಮಾಡಿದರು. ಅದೇ ತೈವಾನಿನ ಫಾಕ್ಸ್‌ಕಾನ್ ಈಗ ದೇವನಹಳ್ಳಿಯಲ್ಲಿದೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕೋಲಾರದ ನರಸಾಪುರದಲ್ಲಿ ತೈವಾನಿನದೇ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತು, 2023ರಲ್ಲಿ ಟಾಟಾ ಅದನ್ನು ಕೊಂಡಿತು. ಡೆಲಿವರಿ ಹುಡುಗರ ವಿಷಯದಲ್ಲೂ ಹೋಲಿಕೆ ಸಾಧ್ಯ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಆ್ಯಪ್ ಹೇಗೆ ಕೆಲಸ ಹಂಚುತ್ತದೆ, ಹೇಗೆ ಅಳೆಯುತ್ತದೆ ಎಂದು ಕಾರ್ಮಿಕರಿಗೆ ತಿಳಿಸಬೇಕು ಎಂಬ ಅಂಶವೂ ಅದರಲ್ಲಿದೆ.

ಹಾಗಾಗಿ ಮುಂದಿನ ಎರಡು ತಿಂಗಳು ಹೀಗೆ ಮಾಡಿ. ಶಿನ್ ಮತ್ತು ಪಿಯರ್ಸ್ ಲೇಖನ, ಸಿಟ್ರಿಪ್ ಪ್ರಯೋಗ, ಪುನ್ ಮತ್ತು ಸ್ಮಿತ್ ಲೇಖನ, ಈ ಮೂರನ್ನು ನಿಧಾನವಾಗಿ ಓದಿ. ಆಮೇಲೆ ನಿಮ್ಮ ಪ್ರಶ್ನೆಯನ್ನು ‘ಚೀನಾ’, ‘ಸಂಸ್ಕೃತಿ’ ಎಂಬ ಎರಡು ಪದ ಬಳಸದೆ ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ: ‘ಕಂಪನಿಯ ಹಾಸ್ಟೆಲ್ಲಿನಲ್ಲಿ ಇರುವ ಕೆಲಸಗಾರ್ತಿಗೆ ಓವರ್‌ಟೈಮ್ ಬೇಡ ಅನ್ನುವುದು ಮನೆಯಿಂದ ಬರುವವಳಿಗಿಂತ ಕಷ್ಟವಾ?’ ಇಂಥ ವಾಕ್ಯ ಸಿಕ್ಕಿದ ದಿನ ನನಗೆ ಬರೆಯಿರಿ. ಯಾವ ಊರಿಗೆ ಹೋಗಿ ಯಾರನ್ನು ಮಾತಾಡಿಸಬೇಕು ಎಂಬುದನ್ನು ಆಗ ಸೇರಿ ಯೋಚಿಸೋಣ.